ಫುಲ್ ಬಾಟಲಿಯ ದುಡ್ಡು ಎಲ್ಲಿಗೆ ಹೋಗುತ್ತದೆ: ವಿಸ್ಕಿ ಆರಿಸುವ ಬಗೆ

ವೈನ್ ಸ್ಟೋರಿನ ಜಾಲರಿಯಾಚೆ ನಲವತ್ತು ಐವತ್ತು ಬಗೆಯ ವಿಸ್ಕಿ ಸಾಲಾಗಿ ನಿಂತಿರುತ್ತದೆ. ಹಿಂದೆ ನಿಂತವರು "ಬೇಗ ತಗೊಳ್ರೀ" ಅನ್ನುತ್ತಿರುತ್ತಾರೆ. ಬಾಟಲಿ ಕೈಗೆ ತೆಗೆದುಕೊಂಡು ಹಿಂಬದಿಯ ಅಕ್ಷರ ಓದುವ ವ್ಯವಧಾನ ಅಲ್ಲಿ ಸಿಗುವುದಿಲ್ಲ. ಹಾಗಾಗಿ ಹೆಚ್ಚಿನವರು ಹತ್ತು ಸೆಕೆಂಡಿನಲ್ಲಿ ತೀರ್ಮಾನಿಸಿಬಿಡುತ್ತಾರೆ: ಸ್ನೇಹಿತ ಕುಡಿಯುವುದು ಯಾವುದು, ಜೇಬಿನಲ್ಲಿ ಎಷ್ಟಿದೆ, ಡಬ್ಬ ಚೆನ್ನಾಗಿದೆಯೇ. ಈ ಮೂರಕ್ಕೂ ಒಳಗಿನ ವಿಸ್ಕಿಗೂ ಸಂಬಂಧ ತೀರಾ ಕಡಿಮೆ. ಕಡಿಮೆ ಬೆಲೆಯಲ್ಲಾಗಲಿ ಹೆಚ್ಚಿನ ಬೆಲೆಯಲ್ಲಾಗಲಿ ಕೊಟ್ಟ ದುಡ್ಡಿಗೆ ತಕ್ಕದ್ದು ಬೇಕಾದರೆ ನಮ್ಮ ಹಣ ಧಾನ್ಯಕ್ಕೆ ಎಷ್ಟು, ಮರದ ಪೀಪಾಯಿಗೆ ಎಷ್ಟು, ತೆರಿಗೆಗೆ ಎಷ್ಟು, ಡಬ್ಬಕ್ಕೆ ಎಷ್ಟು ಹೋಗುತ್ತಿದೆ ಎಂದು ಅಂದಾಜು ಮಾಡಲು ಬರಬೇಕು. ಈ ಪಾಠವನ್ನು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಮುಗಿಸಿಕೊಳ್ಳಬೇಕು.

ಮೊದಲು ತೆರಿಗೆ. ಕರ್ನಾಟಕದಲ್ಲಿ ಮಾರುವ ಪ್ರತಿ ಬಾಟಲಿಯೂ ರಾಜ್ಯ ಪಾನೀಯ ನಿಗಮದ ಡಿಪೋ ದಾಟಿಯೇ ಅಂಗಡಿಗೆ ಬರಬೇಕು. ನಿಗಮ ಶುರುವಾದದ್ದು 2003ರಲ್ಲಿ. ಕಂಪನಿ ಘೋಷಿಸಿದ ಬೆಲೆ ಯಾವ ಸ್ಲ್ಯಾಬಿಗೆ, ಅಂದರೆ ಬೆಲೆಯ ಹಂತಕ್ಕೆ, ಬೀಳುತ್ತದೆ ಎಂದು ನೋಡಿ ಅಬಕಾರಿ ಸುಂಕ ಹಾಕುವ ಪದ್ಧತಿ ಇಲ್ಲಿ ಬಹಳ ಕಾಲ ನಡೆದು ಬಂದದ್ದು. 2024ರ ಆಗಸ್ಟಿನಲ್ಲಿ 18 ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿದಾಗ ದುಬಾರಿ ಬ್ರ್ಯಾಂಡುಗಳ ಬೆಲೆ ಕೆಳಗೆ ಬಂತು. ಅಗ್ಗದ ಬಾಟಲಿಗಳಲ್ಲಿ ಎಂ.ಆರ್.ಪಿ.ಯ ದೊಡ್ಡ ಪಾಲು ಸುಂಕವೇ. ದ್ರವಕ್ಕೆ ಉಳಿಯುವುದು ಚೂರು. ಒಂದು ಕ್ವಾರ್ಟರಿಗೂ (180 ಎಂ.ಎಲ್. ಬಾಟಲಿ) ಇನ್ನೊಂದಕ್ಕೂ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಕಂಡರೆ ಒಳಗಿನ ವಿಸ್ಕಿ ಅಷ್ಟರಮಟ್ಟಿಗೆ ಉತ್ತಮ ಎಂದು ನಂಬಬೇಕಾಗಿಲ್ಲ.

ಹೊರದೇಶದಲ್ಲೇ ಬಾಟಲಿಗೆ ತುಂಬಿ ಬಂದದ್ದಾದರೆ ಲೆಕ್ಕ ಬೇರೆ. ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಮೇಲೆ ಕೇಂದ್ರದ ಆಮದು ಸುಂಕ ಬಹುಕಾಲ 150 ಪ್ರತಿಶತ. ಬಂದರಿಗೆ ಇಳಿದಾಗ 600 ರೂಪಾಯಿ ಬೆಲೆ ಇದ್ದ ಬಾಟಲಿಗೆ 900 ರೂಪಾಯಿ ಸುಂಕ ಸೇರಿ 1,500 ಆಗುತ್ತದೆ. ರಾಜ್ಯದ ಸುಂಕ, ಹಂಚುವವರ ಲಾಭ, ಅಂಗಡಿಯವರ ಕಮಿಷನ್ ಎಲ್ಲವೂ ಇದರ ಮೇಲೆ. ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಆಮದು ಸುಂಕ ಮೊದಲು 75ಕ್ಕೆ ಇಳಿದು, ಹತ್ತನೆಯ ವರ್ಷಕ್ಕೆ 40ಕ್ಕೆ ಬರಬೇಕು. ಅಮೆರಿಕದ ಬರ್ಬನ್ ಮೇಲಿನ ಸುಂಕ 2025ರ ಫೆಬ್ರುವರಿಯಲ್ಲೇ 150ರಿಂದ 100ಕ್ಕೆ ಇಳಿಯಿತು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಒಂದೇ ಡಿಸ್ಟಿಲರಿಯಲ್ಲಿ ಅದರಿಂದಲೇ ಮಾಡಿದ ವಿಸ್ಕಿ ಸಿಂಗಲ್ ಮಾಲ್ಟ್. ಎಂ.ಆರ್.ಪಿ. ಒಂದೇ ಇರುವ ಎರಡು ಸಿಂಗಲ್ ಮಾಲ್ಟ್ ಎದುರಿಗಿದ್ದು, ಒಂದು ಸ್ಕಾಟ್ಲೆಂಡಿನಿಂದ ಬಂದದ್ದು, ಇನ್ನೊಂದು ಬೆಂಗಳೂರಿನ ಕೆಂಗೇರಿ ಆಚೆಯ ಕಂಬೀಪುರದಿಂದ ಬಂದದ್ದು ಎಂದುಕೊಳ್ಳಿ. ಎರಡನೆಯದಕ್ಕೆ ಆ ಆಮದು ಸುಂಕದ ಹೊರೆ ಇಲ್ಲ. ಅಂದರೆ ಅದೇ ದುಡ್ಡಿನಲ್ಲಿ ಬಾಟಲಿಯ ಒಳಗಿನ ದ್ರವಕ್ಕೆ ಹೆಚ್ಚು ಖರ್ಚು ಮಾಡಲು ಅವರಿಗೆ ಅವಕಾಶವಿದೆ. ನಮ್ಮ ದೇಶದಲ್ಲಿ ಕೂತು ಸಿಂಗಲ್ ಮಾಲ್ಟ್ ಕೊಳ್ಳುವವರು ನೆನಪಿಡಬೇಕಾದ ಮೊದಲ ಮಾತು ಇದು.

ಇನ್ನು ದ್ರವದ ವಿಷಯ. ಇಲ್ಲಿ "ವಿಸ್ಕಿ" ಎಂದು ಕಡಿಮೆ ಬೆಲೆಗೆ ಮಾರುವುದರ ಮೈಯೆಲ್ಲ ಇ.ಎನ್.ಎ., ಅಂದರೆ ಶುದ್ಧೀಕರಿಸಿದ ಮದ್ಯಸಾರ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡಿದ್ದಿರಬಹುದು, ನುಚ್ಚಕ್ಕಿ ಅಥವಾ ಜೋಳದಂಥ ಧಾನ್ಯದಿಂದ ಮಾಡಿದ್ದಿರಬಹುದು. ಮದ್ಯಸಾರ 96 ಪ್ರತಿಶತ ಆಗುವಷ್ಟು ಬಟ್ಟಿ ಇಳಿಸಿದ ಮೇಲೆ ಮೂಲವಸ್ತುವಿನ ರುಚಿ ಅದರಲ್ಲಿ ಉಳಿಯುವುದೇ ಇಲ್ಲ. ಅದಕ್ಕೆ ನೀರು ಬೆರೆಸಿ, ಒಂದಿಷ್ಟು ಮಾಲ್ಟ್ ಸ್ಪಿರಿಟ್ ಅಥವಾ ಆಮದಾದ ಸ್ಕಾಚ್ ಮಾಲ್ಟ್ ಸೇರಿಸಿ, ಕ್ಯಾರಮೆಲ್ ಬಣ್ಣ ಕೊಟ್ಟು, ಕೆಲವೊಮ್ಮೆ ಸುವಾಸನೆ ಹಾಕಿ 42.8 ಪ್ರತಿಶತಕ್ಕೆ ತಂದು ತುಂಬುತ್ತಾರೆ. ಲೇಬಲ್ ಮೇಲಿನ "25 ಡಿಗ್ರಿ ಯು.ಪಿ." (ಅಂಡರ್ ಪ್ರೂಫ್) ಅಂದರೂ ಇದೇ 42.8, ಬ್ರಿಟಿಷರ ಕಾಲದ ಪ್ರೂಫ್ ಅಳತೆ ಇನ್ನೂ ನಮ್ಮ ಬಾಟಲಿಗಳ ಮೇಲೆ ಉಳಿದುಕೊಂಡಿದೆ. ಯುರೋಪಿನಲ್ಲಿ ಕಾಕಂಬಿಯ ಮದ್ಯಸಾರ ಇದ್ದರೆ ವಿಸ್ಕಿ ಎಂದು ಮಾರುವಂತಿಲ್ಲ. ಅಲ್ಲಿ ಧಾನ್ಯದ್ದೇ ಆಗಿರಬೇಕು, ಮೂರು ವರ್ಷ ಮರದ ಪೀಪಾಯಿಯಲ್ಲಿ ಇರಬೇಕು.

"ಗ್ರೇನ್ ಬೇಸ್ಡ್" ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡುವವರು ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದೊಂದರಿಂದ ಏನೂ ಆಗದು. ಚೆನ್ನಾಗಿ ಶುದ್ಧ ಮಾಡಿದ ಇ.ಎನ್.ಎ. ಅಕ್ಕಿಯದಾದರೂ ಕಾಕಂಬಿಯದಾದರೂ ಲೋಟದಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ರುಚಿಯನ್ನು ನಿಜವಾಗಿ ಬದಲಿಸುವುದು ಅದರಲ್ಲಿ ಪೀಪಾಯಿಯಲ್ಲಿ ಮಾಗಿದ ಮಾಲ್ಟ್ ಎಷ್ಟಿದೆ ಎಂಬುದು. ಅದರ ಪ್ರಮಾಣ ಎಷ್ಟೆಂದು ಲೇಬಲ್ ಹೇಳುವುದಿಲ್ಲ. ಆದರೂ ಹಿಂಬದಿಯ ಸಣ್ಣ ಅಕ್ಷರದ ಸಾಲು ಓದಿ. ಅಲ್ಲಿ ಮಾಲ್ಟ್ ಅಥವಾ ಸ್ಕಾಚ್ ಹೆಸರಿದೆಯೇ? ಬಣ್ಣದ ಜೊತೆಗೆ ಸುವಾಸನೆ ಸೇರಿಸಿದೆ ಎಂದು ಬರೆದಿದೆಯೇ? ಸುವಾಸನೆಯ ಸಾಲು ಇಲ್ಲದ್ದನ್ನು ಮೊದಲು ಆರಿಸಿಕೊಳ್ಳಿ.

ಬಾಟಲಿ ಮನೆಗೆ ಬಂದ ಮೇಲೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಒಂದಕ್ಕೂ ದುಡ್ಡು ಬೇಡ.

ಮೊದಲನೆಯದು ಅಂಗೈಯದು. ಸೋಪಿನ ವಾಸನೆ ಇಲ್ಲದ ಅಂಗೈಗೆ ನಾಲ್ಕೈದು ಹನಿ ಹಾಕಿಕೊಂಡು, ಎರಡೂ ಕೈ ಜೋಡಿಸಿ ಒಣಗುವವರೆಗೆ ಉಜ್ಜಿ. ಹತ್ತು ಹದಿನೈದು ಸೆಕೆಂಡು ಸಾಕು. ಮೊದಲು ಏಳುವುದು ಮದ್ಯಸಾರದ ಘಾಟು; ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಹಾರಿದ ಮೇಲೆ ಅಂಗೈಗಳನ್ನು ಬೊಗಸೆ ಮಾಡಿ ಮೂಗಿಗೆ ಹಿಡಿಯಿರಿ. ಮಾಲ್ಟ್ ಇದ್ದರೆ ಹುರಿದ ಧಾನ್ಯದ, ಗಂಜಿಯ, ಬಿಸ್ಕತ್ತಿನ ವಾಸನೆ ಉಳಿದಿರುತ್ತದೆ. ಬರೀ ಇ.ಎನ್.ಎ. ಆದರೆ ಉಳಿಯುವುದು ಕೈಯ ವಾಸನೆ ಮಾತ್ರ, ಇಲ್ಲವೆ ಮಿಠಾಯಿ ಎಸೆನ್ಸಿನ ತೆಳು ಸಿಹಿ.

ಎರಡನೆಯದು ರಾತ್ರಿಯ ಲೋಟ. ಕುಡಿದು ಮುಗಿಸಿದ ಗಾಜಿನ ಲೋಟವನ್ನು ತೊಳೆಯದೆ ಹಾಗೇ ಬಿಡಿ. ಸೋಡಾ, ಕೋಲಾ ಬೆರೆಸಿದ ಲೋಟ ನಡೆಯುವುದಿಲ್ಲ. ಬೆಳಗ್ಗೆ ಎದ್ದು ಮೂಸಿ ನೋಡಿ. ತಳದಲ್ಲಿ ಒಣಗಿ ಅಂಟಿದ ತೆಳುಪದರದಲ್ಲಿ ಬೇಗ ಆರದ ಅಂಶಗಳು ಮಾತ್ರ ಉಳಿದಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಮರದಿಂದ ಬಂದವು. ಒಳ್ಳೆಯ ಪೀಪಾಯಿಯಲ್ಲಿ ಮಾಗಿದ್ದಾದರೆ ಹಳೆಯ ಮರದ ಪೆಟ್ಟಿಗೆ, ಒಣಕೊಬ್ಬರಿ, ಬೆಲ್ಲದ ಪಾಕ ಸಿಗುತ್ತದೆ. ಒಣಗಿಸುವಾಗ ಹೊಗೆ ಹಾಕಿದ ಬಾರ್ಲಿಯದಾದರೆ ಆರಿದ ಸೌದೆ ಒಲೆಯ ಬೂದಿ ವಾಸನೆ. ಅಗ್ಗದ ಬಾಟಲಿಯ ಲೋಟದಲ್ಲಿ ಬೆಳಗ್ಗೆ ಬಹುಮಟ್ಟಿಗೆ ಏನೂ ಇರುವುದಿಲ್ಲ. ಬೆಲೆ ಮೂರು ಪಟ್ಟು ಇದ್ದೂ ಬೆಳಗಿನ ಲೋಟ ಖಾಲಿ ಇದ್ದರೆ ಆ ಬ್ರ್ಯಾಂಡನ್ನು ಮತ್ತೆ ಕೊಳ್ಳಬೇಡಿ.

ಈ ವಾಸನೆಗಳು ಊಹೆಯವಲ್ಲ, ಪ್ರತಿಯೊಂದಕ್ಕೂ ಕಾರಣವಿದೆ. ಓಕ್ ಮರದ ಲಿಗ್ನಿನ್ ಸುಟ್ಟು ಒಡೆದಾಗ ವೆನಿಲ್ಲಾ ವಾಸನೆಯ ವೆನಿಲಿನ್ ಬರುತ್ತದೆ. ಕೊಬ್ಬರಿಯ ವಾಸನೆ ಓಕ್ ಲ್ಯಾಕ್ಟೋನಿನದು, ಅಮೆರಿಕನ್ ಓಕ್‌ನಲ್ಲಿ ಅದು ಹೆಚ್ಚು. ಒಣದ್ರಾಕ್ಷಿ, ಅಂಜೂರ ಸಿಕ್ಕರೆ ಮೊದಲು ಶೆರಿ ಎಂಬ ಸ್ಪೇನಿನ ವೈನ್ ಇದ್ದ ಪೀಪಾಯಿ. ಮಾಗಿದ ಬಾಳೆಹಣ್ಣಿನದು ಹುದುಗುವಾಗ ಯೀಸ್ಟ್ ಮಾಡಿದ ಎಸ್ಟರ್ ಎಂಬ ಪರಿಮಳದ ಅಂಶ. ನೈಲ್ ಪಾಲಿಶಿನ ಘಾಟು ಈಥೈಲ್ ಅಸಿಟೇಟಿನದು. ಸ್ವಲ್ಪ ಇದ್ದರೆ ಹಣ್ಣಿನಂತೆ ಕಾಣುತ್ತದೆ, ಜಾಸ್ತಿಯಾದರೆ ಮೂಗು ಉರಿಸುತ್ತದೆ. ಇಂಜೆಕ್ಷನ್‌ಗೆ ಮುಂಚೆ ಒರೆಸುವ ಹತ್ತಿಯ ವಾಸನೆ ಬಂದರೆ ಅದು ಬರೀ ಮದ್ಯಸಾರ, ಮುಚ್ಚಿಡಲು ಬೇರೆ ಪರಿಮಳ ಇಲ್ಲ ಎಂದರ್ಥ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಏನು ಕೊಳ್ಳಬೇಕು? ತೀರಾ ಕೆಳಗಿನ ಮೆಟ್ಟಿಲಲ್ಲಿ, ಟೆಟ್ರಾ ಪ್ಯಾಕಿನಲ್ಲೂ ಸಿಗುವ ಬ್ರ್ಯಾಂಡುಗಳಲ್ಲಿ, ಒಂದಕ್ಕಿಂತ ಒಂದು ಮೇಲು ಎಂದು ತಲೆಕೆಡಿಸಿಕೊಳ್ಳುವುದು ವ್ಯರ್ಥ. ಸುವಾಸನೆಯ ಅಬ್ಬರ ಕಡಿಮೆ ಇರುವುದನ್ನು ತೆಗೆದುಕೊಂಡು, ಚೆನ್ನಾಗಿ ತಣ್ಣಗಾದ ಸೋಡಾದ ಜೊತೆ ಕುಡಿಯುವುದು ಲೇಸು. ತಂಪಿನಲ್ಲಿ ಘಾಟು ಏಳುವುದಿಲ್ಲ. ಅದರ ಮೇಲಿನ ಮೆಟ್ಟಿಲಿನ ರಾಯಲ್ ಸ್ಟ್ಯಾಗ್, ಬ್ಲೆಂಡರ್ಸ್ ಪ್ರೈಡ್ ತರಹದವು ಭಾರತದ ಧಾನ್ಯದ ಸ್ಪಿರಿಟ್ ಜೊತೆ ಸ್ಕಾಚ್ ಮಾಲ್ಟ್ ಬೆರೆತವು. ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರ ಮ್ಯಾಕಿಂಟಾಷ್ ಅದೇ ಸಾಲಿನ ಆಸುಪಾಸಿನದು. ಸಿಂಗಲ್ ಮಾಲ್ಟ್ ಮಾರುವ ಯೋಚನೆಗೆ ಎಷ್ಟೋ ಮೊದಲಿನಿಂದ ಅವರು ತಮ್ಮ ಮಾಲ್ಟನ್ನು ಇಂಥ ಬ್ಲೆಂಡುಗಳಿಗೇ, ಅಂದರೆ ಬೆರಕೆ ವಿಸ್ಕಿಗಳಿಗೇ, ಬಳಸುತ್ತಿದ್ದರು.

ಈ ಮೆಟ್ಟಿಲಿನಲ್ಲಿ ಯಾವುದು ನಿಮ್ಮ ನಾಲಿಗೆಗೆ ಒಗ್ಗುತ್ತದೆ ಎಂದು ತಿಳಿಯಲು ಫುಲ್ ಕೊಳ್ಳಬೇಡಿ. ಎರಡು ಬ್ರ್ಯಾಂಡಿನ ಒಂದೊಂದು ಕ್ವಾರ್ಟರ್ ತನ್ನಿ. ಒಂದೇ ತರಹದ ಮೂರು ಸಣ್ಣ ಸ್ಟೀಲ್ ಲೋಟ ತೆಗೆದುಕೊಳ್ಳಿ. ಗಾಜಾದರೆ ಬಣ್ಣ ನೋಡಿ ಮನಸ್ಸು ಮೋಸ ಹೋಗುತ್ತದೆ, ಕ್ಯಾರಮೆಲ್ ಹಾಕಿದ ಬಣ್ಣದಲ್ಲಿ ಹೇಳುವಂಥದ್ದು ಏನೂ ಇಲ್ಲ. ಎರಡರಲ್ಲಿ ಒಂದೇ ಬ್ರ್ಯಾಂಡ್, ಮೂರನೆಯದರಲ್ಲಿ ಇನ್ನೊಂದು, ತಲಾ ಒಂದು ಚಮಚ ವಿಸ್ಕಿ, ಒಂದು ಚಮಚ ನೀರು. ನೀವು ನೋಡದಂತೆ ಮನೆಯವರು ಸುರಿದು ಜಾಗ ಬದಲಿಸಲಿ. ಬೇರೆ ಯಾವುದು ಎಂದು ಹೇಳಿ. ಐದು ಸಲ ಮಾಡಿದರೆ ನಾಲ್ಕು ಸಲವಾದರೂ ಸರಿ ಬರಬೇಕು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಐದು ಸುತ್ತಿಗೆ ಎಲ್ಲ ಸೇರಿ 75 ಎಂ.ಎಲ್. ಆಗುತ್ತದೆ, ಆದ್ದರಿಂದ ಎರಡು ದಿನಕ್ಕೆ ಹಂಚಿಕೊಳ್ಳಿ. ನಾಲ್ಕನೆಯ ಸುತ್ತಿಗೆ ನಾಲಿಗೆಯೂ ಮಂದವಾಗಿರುತ್ತದೆ. ಎರಡರ ವ್ಯತ್ಯಾಸ ನಿಮಗೆ ಹಿಡಿಯಲಾಗದಿದ್ದರೆ ಅಗ್ಗದ್ದನ್ನು ನೆಮ್ಮದಿಯಾಗಿ ಕೊಳ್ಳಬಹುದು.

ಬಜೆಟ್ಟಿನಲ್ಲಿ ನಿಜವಾದ ಜಿಗಿತ ಸಿಗುವುದು ಇದರ ಮುಂದಿನ ಮೆಟ್ಟಿಲಲ್ಲಿ: ಸ್ಕಾಟ್ಲೆಂಡಿನಿಂದ ದೊಡ್ಡ ಪ್ರಮಾಣದಲ್ಲಿ ತರಿಸಿ ಇಲ್ಲಿ ಬಾಟಲಿಗೆ ತುಂಬಿದ ಸ್ಕಾಚ್. 100 ಪೈಪರ್ಸ್, ವ್ಯಾಟ್ 69, ಬ್ಲ್ಯಾಕ್ ಅಂಡ್ ವೈಟ್, ಟೀಚರ್ಸ್ ಈ ಗುಂಪಿನವು. ಸ್ಕಾಚ್ ಎಂದು ಬರೆಯಬೇಕಾದರೆ ಅಲ್ಲಿನ 2009ರ ನಿಯಮದ ಪ್ರಕಾರ ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಅಲ್ಲೇ ಕನಿಷ್ಠ ಮೂರು ವರ್ಷ ಇಟ್ಟಿರಬೇಕು, ನೀರು ಮತ್ತು ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಿಸಿರಬಾರದು. ಅಂದರೆ ಇ.ಎನ್.ಎ. ಪೂರ್ತಿ ಹೊರಗಾಯಿತು, ಪ್ರತಿ ಹನಿಯೂ ಮರ ಕಂಡದ್ದು. ಇಲ್ಲಿ ತುಂಬಿದ್ದು ಎಂದು ಮೂಗು ಮುರಿಯುವವರಿದ್ದಾರೆ. ತುಂಬಿದ ಜಾಗದಿಂದ ರುಚಿ ಕೆಡುವುದಿಲ್ಲ. ಬೇರೆಯವರ ಮುಂದೆ ಇಡುವಾಗ "ಇಂಪೋರ್ಟೆಡ್" ಅನ್ನಿಸಿಕೊಳ್ಳುವ ಆಸೆ ಇಲ್ಲದಿದ್ದರೆ ಸೋಡಾ ಜೊತೆಗಿನ ದಿನದ ಬಳಕೆಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಹೊಗೆ ಇಷ್ಟವಿದ್ದವರು ಟೀಚರ್ಸ್ ನೋಡಿ. ಅದರ ಬೆನ್ನೆಲುಬು ಆರ್ಡ್‌ಮೋರ್ ಡಿಸ್ಟಿಲರಿಯ ಹೊಗೆ ಹಾಕಿದ ಮಾಲ್ಟ್. ಒಂದು ಪಾಲು ವಿಸ್ಕಿ, ಮೂರು ಪಾಲು ತಣ್ಣನೆ ಸೋಡಾ, ತುಂಬ ಐಸು. ಸೋಡಾದ ಗುಳ್ಳೆ ಆ ಹೊಗೆಯನ್ನು ಮೂಗಿಗೆ ತಂದು ಕೊಡುತ್ತದೆ.

ಸಿಂಗಲ್ ಮಾಲ್ಟ್‌ಗೆ ಬಂದರೆ, ಇಡೀ ಜಗತ್ತು ನಮ್ಮ ಕಡೆ ತಿರುಗಿ ನೋಡಿದ್ದು ಅಮೃತ್‌ನಿಂದ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಅವರು ಬೆಂಗಳೂರಿನಲ್ಲಿ ಶುರು ಮಾಡಿದ ಕಂಪನಿ, ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, ಸ್ಕಾಚ್ ಕುಡಿಯುವವರ ಊರಿನಲ್ಲೇ. ಬೆಂಗಳೂರಿನವರಿಗೆ ಅದು ಸಿಕ್ಕಿದ್ದು 2010ರಲ್ಲಿ. ಅದೇ ವರ್ಷದ ತಮ್ಮ ವಿಸ್ಕಿ ಕೈಪಿಡಿಯಲ್ಲಿ ಬ್ರಿಟನ್ನಿನ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟಿದ್ದರು. ಅದರಲ್ಲಿ ಭಾರತದ ಬಾರ್ಲಿ ಮತ್ತು ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ಎರಡೂ ಇವೆ, ಹೆಸರು ಬಂದದ್ದೂ ಅದಕ್ಕೇ.

ಇಲ್ಲಿನ ಮಾಲ್ಟ್ ಮೇಲೆ ವರ್ಷದ ಸಂಖ್ಯೆ ಕಾಣದೆ ಅನುಮಾನ ಪಡುವವರು ಬಹಳ. "ಹನ್ನೆರಡು ವರ್ಷದ್ದು" ಎಂದು ಬರೆದಿಲ್ಲ, ಹಾಗಾದರೆ ಎಳೆಯದು ಎಂಬ ಲೆಕ್ಕ. ಆ ಲೆಕ್ಕ ಸ್ಕಾಟ್ಲೆಂಡಿನ ಚಳಿಯದು. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪ್ರತಿಶತ ಆವಿಯಾಗುತ್ತದೆ, ಬೆಂಗಳೂರಿನಲ್ಲಿ 10ಕ್ಕೂ ಹೆಚ್ಚು. 200 ಲೀಟರಿನ ಪೀಪಾಯಿ ಇಟ್ಟುಕೊಂಡು ಲೆಕ್ಕ ಹಾಕಿ: ಅಲ್ಲಿ ಹನ್ನೆರಡು ವರ್ಷ ಕಳೆದರೂ 157 ಲೀಟರ್ ಉಳಿದಿರುತ್ತದೆ. ಇಲ್ಲಿ ನಾಲ್ಕು ವರ್ಷಕ್ಕೇ 131, ಎಂಟು ವರ್ಷಕ್ಕೆ 86. ಶಾಖ ಆವಿಯನ್ನು ಮಾತ್ರ ಹೆಚ್ಚಿಸುವುದಿಲ್ಲ, ಮರದ ಸತ್ವ ಹೊರಬರುವ ವೇಗವನ್ನೂ ಹೆಚ್ಚಿಸುತ್ತದೆ. ಇಲ್ಲಿ ನಾಲ್ಕೈದು ವರ್ಷಕ್ಕೆ ಬರುವ ಮರದ ಹದಕ್ಕೆ ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಜಾಸ್ತಿ ಇಟ್ಟರೆ ಮರವೇ ಮೇಲಾಗಿ ಒಗರು ಹೊಡೆಯುತ್ತದೆ. ಅಮೃತ್‌ನವರ "ಗ್ರೀಡಿ ಏಂಜಲ್ಸ್" ಎಂಬ ಹೆಚ್ಚು ವರ್ಷದ ಮಾಲ್ಟ್ ಅಷ್ಟು ದುಬಾರಿ ಯಾಕೆ ಎಂಬುದಕ್ಕೆ ಉತ್ತರ ಮೇಲಿನ ಅಂಕಿಗಳಲ್ಲೇ ಇದೆ. ಹಾರಿಹೋದ ಲೀಟರುಗಳ ಬೆಲೆಯನ್ನೂ ಉಳಿದ ಲೀಟರುಗಳೇ ಹೊರಬೇಕು. ಆದರೆ ಈ ವೇಗಕ್ಕೆ ಇನ್ನೊಂದು ಮುಖವೂ ಇದೆ: ಕಾಲ ಮಾತ್ರ ಮಾಡಬಲ್ಲ ಕೆಲಸವನ್ನು ಶಾಖ ಪೂರ್ತಿ ಮಾಡಲಾರದು. ಹದಿನೆಂಟು ವರ್ಷದ ಒಳ್ಳೆಯ ಸ್ಕಾಚಿನಲ್ಲಿ ನಾಲಿಗೆಗೆ ಸಿಗುವ ನಯ, ಹಳೆಯ ಹಣ್ಣಿನಂಥ ಪರಿಮಳ ನಮ್ಮ ಮಾಲ್ಟುಗಳಲ್ಲಿ ಅಪರೂಪ. ನಮ್ಮದರಲ್ಲಿ ಸಿಗುವುದು ತುಂಬು ಮೈ, ಬೆಲ್ಲ, ಮಸಾಲೆ.

ಅಮೃತ್‌ನ ಮೂಲ ಸಿಂಗಲ್ ಮಾಲ್ಟ್ 46 ಪ್ರತಿಶತ, ಫ್ಯೂಷನ್ 50, ನೀರು ಬೆರೆಸದೆ ಪೀಪಾಯಿಯಲ್ಲಿದ್ದ ಗಟ್ಟಿಯಲ್ಲೇ ತುಂಬುವ ಕ್ಯಾಸ್ಕ್ ಸ್ಟ್ರೆಂತ್ 61.8. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರು ಗೋವಾದ ಕುಂಕೊಳ್ಳಿಯಲ್ಲಿ ಮಾಡುವ ಪಾಲ್ ಜಾನ್‌ನಲ್ಲಿ ಬ್ರಿಲಿಯನ್ಸ್, ಎಡಿಟೆಡ್, ಬೋಲ್ಡ್ ಮೂರೂ 46. ಬ್ರಿಲಿಯನ್ಸ್‌ಗೆ ಹೊಗೆ ಇಲ್ಲ, ಎಡಿಟೆಡ್‌ಗೆ ಸ್ವಲ್ಪ, ಬೋಲ್ಡ್‌ಗೆ ಪೂರ್ತಿ. ಅದೇ ಮನೆಯ ನಿರ್ವಾಣ 40. ಹರಿಯಾಣದ ಇಂದ್ರಿ ಟ್ರಿನಿ 46, ಬರ್ಬನ್, ಫ್ರೆಂಚ್ ವೈನ್, ಶೆರಿ ಎಂಬ ಮೂರು ಬಗೆಯ ಪೀಪಾಯಿ ಕಂಡದ್ದು. ಸಿಂಗಲ್ ಮಾಲ್ಟ್ ಹೊಸದಾಗಿ ಕೊಳ್ಳುವವರು ಬ್ರಿಲಿಯನ್ಸ್ ಅಥವಾ ಅಮೃತ್‌ನ 46ರಿಂದ ಶುರು ಮಾಡುವುದು ಸರಿ. ಹೊಗೆ ಒಗ್ಗುತ್ತದೆಯೇ ಎಂದು ತಿಳಿಯದೆ ಬೋಲ್ಡ್‌ನ ಫುಲ್ ತಂದರೆ ಅರ್ಧ ಬಾಟಲಿ ವರ್ಷಗಟ್ಟಲೆ ಕಪಾಟಿನಲ್ಲಿ ಉಳಿಯುತ್ತದೆ.

ಈ ಪ್ರತಿಶತದ ಅಂಕಿಯನ್ನು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಲೇಬಲ್ ಮೇಲೆ ಸುಳ್ಳಾಡದ, ಹೋಲಿಸಲು ಸುಲಭವಾದ ಅಂಕಿ ಇದೊಂದೇ. 750 ಎಂ.ಎಲ್. ಬಾಟಲಿ 50 ಪ್ರತಿಶತದ್ದಾದರೆ ಅದನ್ನು 40ಕ್ಕೆ ತಿಳಿ ಮಾಡಿದಾಗ 937 ಎಂ.ಎಲ್. ಆಗುತ್ತದೆ. 40ರ ಫುಲ್ ಕೊಂಡವರಿಗಿಂತ ನಿಮಗೆ ಒಂದು ಕ್ವಾರ್ಟರಿಗಿಂತ ಜಾಸ್ತಿ ಸಿಕ್ಕಂತಾಯಿತು. ಇನ್ನೊಂದು ಕಾರಣ ರುಚಿಯದು. 46ಕ್ಕಿಂತ ಕಡಿಮೆ ಇರುವ ವಿಸ್ಕಿ ತಣ್ಣಗಾದಾಗ ಅದರೊಳಗಿನ ಕೊಬ್ಬಿನಾಮ್ಲದ ಎಸ್ಟರುಗಳು ಹೆಪ್ಪುಗಟ್ಟಿ ಮಬ್ಬಾಗುತ್ತವೆ. ಗಿರಾಕಿ ಹೆದರಬಾರದೆಂದು ಕಂಪನಿಗಳು ಅದನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಂಪು ಮಾಡಿ ಸೋಸುತ್ತವೆ. ಆ ಎಸ್ಟರುಗಳ ಜೊತೆ ಬಾಯಿ ತುಂಬುವ ಜಿಡ್ಡಿನಂಥ ಗುಣವೂ ಸ್ವಲ್ಪ ಹೋಗುತ್ತದೆ. "ನಾನ್ ಚಿಲ್ ಫಿಲ್ಟರ್ಡ್" ಎಂದು ಬರೆದದ್ದರಲ್ಲಿ ಅದು ಉಳಿದಿರುತ್ತದೆ. ಅಂಥ ವಿಸ್ಕಿಗೆ ಐಸ್ ನೀರು ಹಾಕಿದಾಗ ತೆಳುವಾಗಿ ಮಬ್ಬಾದರೆ ಗಾಬರಿ ಬೇಡ, ಕಲಬೆರಕೆ ಅಂದುಕೊಳ್ಳಲೂಬೇಡಿ.

ಇದರ ಮೇಲಿನ ಬೆಲೆಯಲ್ಲಿ ಹುಷಾರಾಗಿರಬೇಕು. ಸ್ಕಾಚಿನ ಲೇಬಲ್ ಮೇಲಿನ ವರ್ಷ ಅಂದರೆ ಒಳಗಿರುವುದರಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು, ಆ ಮಟ್ಟಿಗೆ ಅದು ಪ್ರಾಮಾಣಿಕ. ಆದರೆ ಸುಸ್ತಾದ ಪೀಪಾಯಿಯಲ್ಲಿ, ಅಂದರೆ ಮೂರು ನಾಲ್ಕು ಸಲ ಬಳಸಿದ್ದರಲ್ಲಿ ಹದಿನೈದು ವರ್ಷ ಕೂತದ್ದಕ್ಕಿಂತ ಮೊದಲ ಸಲ ತುಂಬಿದ ಪೀಪಾಯಿಯಲ್ಲಿ ಹತ್ತು ವರ್ಷ ಇದ್ದದ್ದು ರುಚಿಯಾಗಿರಬಹುದು. 40 ಪ್ರತಿಶತಕ್ಕೆ ಇಳಿಸಿ, ತಂಪಾಗಿ ಸೋಸಿ, ಕ್ಯಾರಮೆಲ್ ಹಾಕಿದ ಹದಿನೈದು ವರ್ಷದ್ದಕ್ಕೆ ಎರಡು ಪಟ್ಟು ಕೊಡುವುದಕ್ಕಿಂತ, 45.8ರ ಟಾಲಿಸ್ಕರ್ 10, 46ರ ಆರ್ಡ್‌ಬೆಗ್ 10, 46.3ರ ಬನ್ನಾಹಾವನ್ 12 ತರಹದ್ದು ಸಿಕ್ಕರೆ ಕೊಳ್ಳಿ. ಹೊಗೆಯ ಅಂಶ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು ಹೇಳುವ ಪಿ.ಪಿ.ಎಂ. ಅಂಕಿ ನೋಡಿ ಬೆಚ್ಚಬೇಡಿ. ಅದನ್ನು ಅಳೆಯುವುದು ಬಟ್ಟಿ ಇಳಿಸುವ ಮೊದಲು, ಬಾರ್ಲಿಯಲ್ಲಿ. ಬಾಟಲಿಗೆ ಬರುವ ಹೊತ್ತಿಗೆ ಬಹಳಷ್ಟು ಇಳಿದಿರುತ್ತದೆ. "ಲಿಮಿಟೆಡ್ ಎಡಿಷನ್" ಎಂಬ ಮಾತಿಗೆ ಕಾನೂನಿನ ಅರ್ಥ ಏನೂ ಇಲ್ಲ. ಎಷ್ಟು ಬಾಟಲಿ, ಯಾವ ಪೀಪಾಯಿ, ಯಾವ ವರ್ಷ ತುಂಬಿದ್ದು ಎಂದು ಬರೆದಿದ್ದರೆ ಮಾತ್ರ ಅದಕ್ಕೆ ತೂಕ. ಬೆಲೆ ನಿಮ್ಮ ವಾರದ ಖರ್ಚಿಗಿಂತ ಹೆಚ್ಚಿದ್ದರೆ ಮೊದಲು ಬಾರಿನಲ್ಲಿ ಒಂದು ಸ್ಮಾಲ್ (30 ಎಂ.ಎಲ್.) ಕುಡಿದು ನೋಡಿ. ಫುಲ್‌ನಲ್ಲಿ 25 ಸ್ಮಾಲ್ ಇರುತ್ತವೆ. ಬಾರಿನವರು ಎರಡು ಪಟ್ಟು ಹಾಕಿದರೂ ಬಾಟಲಿ ಬೆಲೆಯ ಹನ್ನೆರಡನೆಯ ಒಂದು ಭಾಗದಲ್ಲಿ ನಿಮ್ಮ ತೀರ್ಮಾನ ಆಗಿಹೋಗುತ್ತದೆ.

ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ತಲಾ 2 ಲೀಟರ್ ತರಬಹುದು. ಅಲ್ಲಿ ಅಂಗಡಿಗೆಂದೇ ಮಾಡಿದ, ವರ್ಷ ಹಾಕದ, 40 ಪ್ರತಿಶತದ ಒಂದು ಲೀಟರಿನ ಬಾಟಲಿಗಳು ಎದುರಿಗೇ ಇಟ್ಟಿರುತ್ತವೆ. ಊರಿನಲ್ಲಿ ಸಿಗದ, 46ರ ಮೇಲಿನದ್ದನ್ನು ಹುಡುಕಿ; ಆಮದು ಸುಂಕ ತಪ್ಪುವ ಅವಕಾಶವನ್ನು ಊರಲ್ಲೇ ತುಂಬುವ ಬ್ಲೆಂಡ್ ಮೇಲೆ ಕಳೆಯುವುದು ದಂಡ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿನ ಬರ್ಬನ್ ಅಷ್ಟು ಒಳ್ಳೆಯ ಬಜೆಟ್ ವಿಸ್ಕಿ ಬೇರೆ ಇಲ್ಲ. ಕನಿಷ್ಠ 51 ಪ್ರತಿಶತ ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಕಡ್ಡಾಯ. "ಬಾಟಲ್ಡ್ ಇನ್ ಬಾಂಡ್" ಎಂದಿದ್ದರೆ 1897ರ ಕಾಯ್ದೆಯ ಪ್ರಕಾರ ಒಂದೇ ಡಿಸ್ಟಿಲರಿಯ, ಒಂದೇ ಹಂಗಾಮಿನ, ಕನಿಷ್ಠ ನಾಲ್ಕು ವರ್ಷದ, 50 ಪ್ರತಿಶತದ ವಿಸ್ಕಿ. ಎವನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಅಂಥದ್ದು. ಇಲ್ಲಿ ಬೆಲ್ಲ, ಕೊಬ್ಬರಿ ಇಷ್ಟಪಟ್ಟ ನಾಲಿಗೆಗೆ ಅದು ಬೇಗ ಹಿಡಿಸುತ್ತದೆ.

ದುಬಾರಿ ವಿಸ್ಕಿ ಕುಡಿದರೆ ಬೆಳಗ್ಗೆ ತಲೆನೋವು ಬರುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ, ಆದರೆ ಅದು ನಿಜವಲ್ಲ. ಮರ ಮತ್ತು ಮಾಲ್ಟ್ ಹೆಚ್ಚಿದಷ್ಟೂ ವಿಸ್ಕಿಯಲ್ಲಿ ಮದ್ಯಸಾರದ ಜೊತೆಗಿನ ಇತರ ಅಂಶಗಳು ಹೆಚ್ಚುತ್ತವೆ, ತಲೆನೋವಿಗೆ ಅವೂ ಪಾಲುದಾರರು. 42.8ರ ಒಂದು ಲಾರ್ಜ್‌ನಲ್ಲಿ (60 ಎಂ.ಎಲ್.) ಸುಮಾರು 20 ಗ್ರಾಂ ಮದ್ಯಸಾರ ಇರುತ್ತದೆ, 50ರದ್ದಾದರೆ 24ರ ಹತ್ತಿರ. ಯಕೃತ್ತಿಗೆ ಬ್ರ್ಯಾಂಡ್ ಗೊತ್ತಾಗುವುದಿಲ್ಲ. ಗಟ್ಟಿ ವಿಸ್ಕಿ ಕೊಂಡವರು ಪೆಗ್ಗಿನ ಅಳತೆ ಕಡಿಮೆ ಮಾಡಬೇಕು.

ನೀರು ಬೆರೆಸಿದರೆ ಒಳ್ಳೆಯ ವಿಸ್ಕಿ ಹಾಳು ಎಂಬುದೂ ತಪ್ಪು. ಕಂಪನಿಗಳಲ್ಲಿ ವಿಸ್ಕಿ ಬೆರೆಸುವ ಬ್ಲೆಂಡರುಗಳೇ ಮೂಸುವಾಗ 20 ಪ್ರತಿಶತದಷ್ಟಕ್ಕೆ ತಿಳಿ ಮಾಡಿಕೊಳ್ಳುತ್ತಾರೆ. ಫ್ಯೂಷನ್‌ನ 30 ಎಂ.ಎಲ್.ಗೆ ಒಂದೂವರೆ ಚಮಚ ನೀರು ಹಾಕಿದರೆ 40ಕ್ಕೆ ಬರುತ್ತದೆ. ಕ್ಯಾಸ್ಕ್ ಸ್ಟ್ರೆಂತ್‌ನ 30ಕ್ಕೆ ಎರಡು ಚಮಚ ಹಾಕಿದರೆ 46ರ ಹತ್ತಿರ. ಚಮಚ ಅಂದರೆ ಔಷಧಿ ಅಳೆಯುವ 5 ಎಂ.ಎಲ್.ನದು. ಒಮ್ಮೆಲೇ ಸುರಿಯದೆ ಅರ್ಧರ್ಧ ಚಮಚ ಹಾಕುತ್ತ ಮೂಸಿ. ಒಂದು ಹಂತದಲ್ಲಿ ಘಾಟು ಇಳಿದು ಹಣ್ಣು ಮೇಲೆ ಬರುತ್ತದೆ, ಅಲ್ಲಿ ನಿಲ್ಲಿಸಿ. ನೀರು ಮಾತ್ರ ಚೆನ್ನಾಗಿರಬೇಕು. ಬೋರ್‌ವೆಲ್ಲಿನ ಗಡಸು ನೀರು ವಿಸ್ಕಿಯನ್ನು ಸಪ್ಪೆ ಮಾಡಿ ಸೀಮೆಸುಣ್ಣದ ರುಚಿ ತರುತ್ತದೆ, ನಲ್ಲಿ ನೀರಿನ ಕ್ಲೋರಿನ್ ಹೊಗೆಯ ಮಾಲ್ಟ್‌ಗಳನ್ನು ಕೆಡಿಸುತ್ತದೆ. ಫಿಲ್ಟರ್ ನೀರು ಸಾಕು. ಐಸು ಮಾಡುವುದಕ್ಕೂ ಅದೇ ನೀರು. ಫ್ರೀಜರಿನಲ್ಲಿ ಮೀನಿನ ಪಕ್ಕ ಇಟ್ಟ ಐಸು ಮೀನಿನ ವಾಸನೆಯನ್ನು ನೇರ ಲೋಟಕ್ಕೆ ತರುತ್ತದೆ.

ಕೊಳ್ಳುವಾಗ ಸೀಲ್ ನೋಡಿ. ಮುಚ್ಚಳದ ಉಂಗುರ ಬಿಟ್ಟಿರಬಾರದು, ಅಬಕಾರಿ ಇಲಾಖೆಯ ಸ್ಟಿಕರ್ ಮುಚ್ಚಳದಿಂದ ಕತ್ತಿನವರೆಗೆ ಹರಿಯದೆ ಅಂಟಿರಬೇಕು, ಪಕ್ಕದ ಬಾಟಲಿಗಳಿಗೆ ಹೋಲಿಸಿದರೆ ದ್ರವದ ಮಟ್ಟ ಒಂದೇ ಇರಬೇಕು. ಖಾಲಿಯಾದ ದುಬಾರಿ ಬಾಟಲಿಯನ್ನು ಗುಜರಿಗೆ ಹಾಕುವ ಮೊದಲು ಲೇಬಲ್ ಹರಿದುಹಾಕಿ, ನಕಲಿ ತುಂಬುವವರಿಗೆ ಬೇಕಾಗಿರುವುದು ಅದೇ ಬಾಟಲಿ. ಸಿ.ಎಲ್.-2 ಪರವಾನಗಿಯ ಚಿಲ್ಲರೆ ಮದ್ಯದಂಗಡಿ, ಸರ್ಕಾರಿ ಎಂ.ಎಸ್.ಐ.ಎಲ್. ಮಳಿಗೆಗಳಲ್ಲಿ ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ ಬಿಲ್ ಕೇಳಿ.

ಮನೆಗೆ ತಂದ ಬಾಟಲಿಯನ್ನು ವೈನಿನಂತೆ ಮಲಗಿಸಬೇಡಿ. ಗಟ್ಟಿ ಮದ್ಯಸಾರ ಕಾರ್ಕನ್ನು ತಿಂದುಹಾಕುತ್ತದೆ, ಮುಂದೆ ತೆರೆಯುವಾಗ ಕಾರ್ಕ್ ಅರ್ಧಕ್ಕೆ ಮುರಿದು ಒಳಗೆ ಬೀಳುತ್ತದೆ. ನೆಟ್ಟಗೆ, ಬಿಸಿಲು ಬೀಳದ ಕಡೆ ನಿಲ್ಲಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಡುಗೆಮನೆಯ ಅಟ್ಟ ಸರಿಯಾದ ಜಾಗವಲ್ಲ, ಬೀರುವಿನ ಕೆಳಗಿನ ಖಾನೆ ಒಳ್ಳೆಯದು. ತೆರೆಯದ ಬಾಟಲಿ ಹೀಗೆ ಇಟ್ಟರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ, ಒಳಗೆ ಮಾಗುವುದೂ ಇಲ್ಲ. ಗಾಜಿಗೆ ಬಂದ ದಿನವೇ ಅದರ ವಯಸ್ಸು ನಿಂತಿತು. ತೆರೆದದ್ದಕ್ಕೆ ಶತ್ರು ಗಾಳಿ. ಮುಕ್ಕಾಲು ತುಂಬಿರುವವರೆಗೆ ಚಿಂತೆ ಇಲ್ಲ. ಕಾಲು ಭಾಗಕ್ಕೆ ಬಂದ ಮೇಲೆ ಕೆಲವೇ ತಿಂಗಳಲ್ಲಿ ಹೊಗೆ ಮಂಕಾಗಿ, ಹಣ್ಣಿನ ವಾಸನೆ ರಟ್ಟಿನಂತಾಗುತ್ತದೆ. ಆಗ ಉಳಿದದ್ದನ್ನು ಗಾಜಿನ ಖಾಲಿ ಕ್ವಾರ್ಟರ್ ಬಾಟಲಿಗೆ ವರ್ಗಾಯಿಸಿ. ಬಿಸಿನೀರಿನಲ್ಲಿ ಸೋಪಿಲ್ಲದೆ ತೊಳೆದು, ಎರಡು ದಿನ ಬೋರಲು ಹಾಕಿ ಒಣಗಿಸಿ, ಕತ್ತಿನವರೆಗೆ ತುಂಬಿ ಮುಚ್ಚಳ ಬಿಗಿದು, ಹೆಸರು ಮತ್ತು ತಾರೀಕು ಬರೆದ ಚೀಟಿ ಅಂಟಿಸಿ.